ಈಜುಕೊಳಕ್ಕೆ ಹಾಕಿದ ಕೊಳೆಮದ್ದು

ಯಲ್ಲಾಪುರದ ಡಾಕ್ಟರು ಕೊಳದ ದಂಡೆಯಲ್ಲಿ ನಿಂತು, ಆಸ್ಪತ್ರೆಯಿಂದ ತಂದಿದ್ದ ಬಿಳಿ ತಟ್ಟೆಯೊಂದನ್ನು ನೀರಿಗೆ ಬಿಟ್ಟರು. ಒಂದು ಮೊಳ ಇಳಿಯುವಷ್ಟರಲ್ಲಿ ತಟ್ಟೆ ಮಾಯವಾಯಿತು. ನೀರು ಅಷ್ಟು ಹಸಿರಾಗಿತ್ತು.

"ಎಂಟಡಿ ತಳದಲ್ಲಿ ಕೂತ ತಟ್ಟೆ ದಂಡೆಯಿಂದ ನನಗೆ ಕಾಣಬೇಕು ಮಾಸ್ತರೇ. ಕಾಣದಿದ್ದರೆ ಪರೀಕ್ಷೆ ಇಲ್ಲ. ಮುಳುಗಿದವನನ್ನು ಕೈಯಾಡಿಸಿ ಹುಡುಕುವ ಕೆಲಸ ನನಗೆ ಬೇಡ" ಎಂದರು.

ನಾನು ಆಗ ಅರಣ್ಯ ಗಾರ್ಡುಗಳ ತರಬೇತಿ ಶಿಬಿರದಲ್ಲಿ ಡ್ರಿಲ್ಲು ಮತ್ತು ಈಜು ಕಲಿಸುವ ಮಾಸ್ತರ. ಸಿದ್ದಾಪುರದ ಕಡೆಯ ತೋಟದ ಮನೆಯವನು, ಕುಮಟೆಯಲ್ಲಿ ಓದುವಾಗ ಹೊಳೆಯಲ್ಲಿ ಈಜು ಕಲಿತವನು. ಶಿಬಿರದ ಬಂಗಲೆಯ ಹಿಂದೆ ಬ್ರಿಟಿಷರ ಕಾಲದ ಯಾವನೋ ಸಾಹೇಬ ತನ್ನ ಶೋಕಿಗೆ ಕಟ್ಟಿಸಿದ ಕೊಳವಿತ್ತು. ಅರವತ್ತಡಿ ಉದ್ದ, ಮೂವತ್ತಡಿ ಅಗಲ, ಒಂದು ತುದಿ ಮೂರಡಿ, ಇನ್ನೊಂದು ತುದಿ ಎಂಟಡಿ. ಚಿರೇಕಲ್ಲಿನ ಗೋಡೆಗೆ ಗಾರೆ ಬಳಿದಿದ್ದರು. ಗುಡ್ಡದ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುವ ನೀರೇ ಅದಕ್ಕೆ ಆಧಾರ. ಬೇಸಿಗೆಯಲ್ಲಿ ಆ ನೀರು ಹೆಬ್ಬೆರಳಿನಷ್ಟು ದಪ್ಪ ಬಂದರೆ ಪುಣ್ಯ.

ಮಳೆಗಾಲದಲ್ಲಿ ಹಳ್ಳ ದಾಟಲು ಬಾರದ ಗಾರ್ಡು ಕಾಡಿನಲ್ಲಿ ಏನು ಮಾಡುತ್ತಾನೆ? ಅದಕ್ಕಾಗಿ ಕೊಳದ ಉದ್ದಕ್ಕೆ ಈಜಿ ಒಂದು ಸಲ ಹೋಗಿ ಒಂದು ಸಲ ಬಂದವನಿಗೇ ನೌಕರಿ ಕಾಯಂ ಎಂದು ಶಿಬಿರದಲ್ಲಿ ನಿಯಮ ಮಾಡಿದ್ದರು. ಡಾಕ್ಟರು ಎದುರು ನಿಂತು ಸಹಿ ಹಾಕಬೇಕು. ಇಪ್ಪತ್ತೊಂದು ಜನರಿದ್ದರು. ಇಪ್ಪತ್ತು ಜನರ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಈ ಸಲ ಆಗದಿದ್ದರೆ ಮುಂದಿನ ವರ್ಷ ಪರೀಕ್ಷೆ ಕೊಡುತ್ತಿದ್ದರು. ಇಪ್ಪತ್ತೊಂದನೆಯವನಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಮೂವತ್ತು ತುಂಬಿದವರನ್ನು ಕಾಯಂ ಮಾಡುವ ಹಾಗಿರಲಿಲ್ಲ, ಆ ಮಳೆಗಾಲದಲ್ಲಿ ಅವನಿಗೆ ಮೂವತ್ತು ತುಂಬುತ್ತಿತ್ತು. ಒಂಬತ್ತು ವರ್ಷ ದಿನಗೂಲಿ ವಾಚರನಾಗಿ ಕಾಡು ಸುತ್ತಿದ್ದು ಅಲ್ಲಿಗೆ ಮುಗಿದಂತೆ.

ಅವನು ವಾಚರನಾಗುವ ಮೊದಲು ಅಡಿಕೆ ಮರ ಹತ್ತಿ ಕೊನೆ, ಅಂದರೆ ಕಾಯಿಗೊಂಚಲು, ಇಳಿಸುವ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸ ಮಾಡಿಕೊಂಡಿದ್ದ. ಹಾಗಾಗಿ ಶಿಬಿರದಲ್ಲೆಲ್ಲ ಅವನಿಗೆ ಕೊನೆಗೌಡ ಎಂದೇ ಹೆಸರು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುವ ಗಂಡು. ಅಂಥವನು ನಮ್ಮ ಕೊಳದಲ್ಲಿ ಎದೆಮಟ್ಟದ ನೀರು ದಾಟಿದೊಡನೆ ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತಿದ್ದ. ಎಳೆದರೆ ಬಾರ. ಬೈದರೆ ತಲೆ ತಗ್ಗಿಸಿ ನಗುವ.

"ಅರವತ್ತಡಿ ಮೇಲೆ ಹೆದರದವನಿಗೆ ಎಂಟಡಿ ಕೆಳಗೆ ಎಂತ ಹೆದರಿಕೆ ಮಾರಾಯಾ?" ಎಂದು ಒಂದು ದಿನ ರೇಗಿದೆ.

"ಮರದ ತುದಿಯಿಂದ ನೆಲ ಕಾಣ್ತದೆ ಮಾಸ್ತರೇ. ಬಿದ್ರೆ ಎಲ್ಲಿ ಬೀಳ್ತೆ ಅಂತಾದ್ರೂ ಗೊತ್ತಿರ್ತದೆ. ಇಲ್ಲಿ ಎಂತದೂ ಕಾಣೂದಿಲ್ಲ" ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಡಾಕ್ಟರಿಗೂ ತಳ ಕಾಣಬೇಕು, ಇವನಿಗೂ ತಳ ಕಾಣಬೇಕು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ನೀರು ತಿಳಿ ಮಾಡುವುದು ಏನು ಮಹಾ, ಒಂದು ವಾರದ ಕೆಲಸ ಎಂದು ನಾನು ಎಲ್ಲರೆದುರು ಹೇಳಿಬಿಟ್ಟೆ. ಹೇಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಶಿಬಿರದ ಮುಖ್ಯಸ್ಥರು ಹಾವೇರಿ ಕಡೆಯ ರೇಂಜರ್ ಸಾಹೇಬರು. ಔಷಧಕ್ಕೆಂದು ಅವರು ಮಂಜೂರು ಮಾಡಿದ್ದು ಬಹಳ ಸಣ್ಣ ಮೊತ್ತ. ಹುಬ್ಬಳ್ಳಿಯಿಂದ ಈಜುಕೊಳದ ಔಷಧವೆಂದೇ ಬರುವ ಡಬ್ಬಿಗಳ ಬೆಲೆ ಕೇಳಿ ಅವರು ನಕ್ಕು ಕಾಗದ ಮಡಚಿಟ್ಟಿದ್ದರು. ಹಾಗಾಗಿ ನಾನು ಬಸ್ಸು ಹತ್ತಿ ಶಿರಸಿಗೆ ಹೋದೆ. ಪೇಟೆಯ ಒಂದು ಅಂಗಡಿಯಲ್ಲಿ ಗೋಣಿಚೀಲದಲ್ಲಿ ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಅರ್ಧ ಬೆಲೆಗೆ ಸಿಕ್ಕಿತು. ದೊಡ್ಡ ಬೇಟೆ ಹೊಡೆದವನ ಹಾಗೆ ಚೀಲ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಇಪ್ಪತ್ತು ಪೌಂಡು ಕಲಸಿ ಸುರಿದೆ. ನೀರಿಗೆ ಏನೂ ಆಗಲಿಲ್ಲ. ಇನ್ನೂ ಇಪ್ಪತ್ತು ಪೌಂಡು ಸುರಿದೆ. ಸುಣ್ಣದ ಹುಡಿ ತಳಕ್ಕೆ ಹೋಗಿ ಕೂತಿತೇ ಹೊರತು ಹಸಿರು ಹಾಗೇ ಇತ್ತು.

ಡಾಕ್ಟರ ಬಳಿಗೆ ಒಂದು ಮುಷ್ಟಿ ಪೊಟ್ಟಣ ಕಟ್ಟಿಕೊಂಡು ಹೋದೆ. ಅವರು ಮೂಸಿ ನೋಡಿ ನನ್ನ ಮೂಗಿಗೇ ಹಿಡಿದರು.

"ವಾಸನೆ ಬಂತೇ?"

"ಇಲ್ಲ."

"ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರಬೇಕು. ನಮ್ಮ ಊರಿನ ತೇವದ ಹವೆಗೆ ಬಾಯಿ ಬಿಟ್ಟ ಚೀಲದಲ್ಲಿ ಇದರ ಸತ್ವ ತಿಂಗಳೊಳಗೆ ಹಾರಿಹೋಗುತ್ತದೆ. ನೀವು ತಂದದ್ದು ಬರೀ ಸುಣ್ಣ."

ಅಗ್ಗದ ಮಾಲು ಅಗ್ಗವಲ್ಲ ಎಂದು ಉಪದೇಶ ಮಾಡಬಹುದಿತ್ತು, ಅವರು ಮಾಡಲಿಲ್ಲ. ಆಸ್ಪತ್ರೆಗೆ ಬಂದಿದ್ದ ಸೀಲು ಒಡೆಯದ ಡಬ್ಬಿಯನ್ನು ಅರ್ಧಕ್ಕರ್ಧ ಹಂಚಿಕೊಳ್ಳುವ ದಾರಿ ತೋರಿಸಿದರು. ರೇಂಜರ್ ಸಾಹೇಬರ ಒಂದು ಪತ್ರದಿಂದ ಕೆಲಸ ಆಯಿತು. ಪೇಟೆಯ ಪೌಡರಿಗಿಂತ ಬೆಲೆ ಹೆಚ್ಚು, ಹುಬ್ಬಳ್ಳಿಯ ಡಬ್ಬಿಗಿಂತ ಎಷ್ಟೋ ಕಡಿಮೆ. ಪೇಟೆಯ ಪೌಡರು ನಾಲ್ಕು ಪಾಲು ಹಾಕಿದರೂ ಮಾಡದ ಕೆಲಸವನ್ನು ಇದು ಒಂದು ಪಾಲಿನಲ್ಲಿ ಮಾಡುತ್ತಿತ್ತು. ಆದರೆ ನಾನು ಬೆಳಿಗ್ಗೆಯೇ ಹಾಕುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಅದು ಹಾರಿಹೋಗುತ್ತಿತ್ತು, ಗೋಡೆಯ ಪಾಚಿ ಸಂಜೆಗೆ ಮತ್ತೆ ಚಿಗುರುತ್ತಿತ್ತು. ಪಟಿಕವನ್ನೂ ಹಾಕಿ ನೋಡಿದೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. ಅದು ನೀರಿನ ಕೆಸರನ್ನು ಹಿಡಿದು ಹತ್ತಿಯ ಹಾಗೆ ಗಟ್ಟಿ ಕಟ್ಟಿ ತಳಕ್ಕೆ ಒಯ್ಯಬೇಕು. ನಮ್ಮ ಗುಡ್ಡದ ನೀರು ತೀರಾ ಮೆದು, ಪಟಿಕ ಅದರಲ್ಲಿ ಸರಿಯಾಗಿ ಕಟ್ಟಲಿಲ್ಲ, ಮೋಡದಂತೆ ತೇಲಿಕೊಂಡೇ ಉಳಿಯಿತು.

ರೇಂಜರ್ ಸಾಹೇಬರು ದಿನಾ ಬಂದು ಬಗ್ಗಿ ನೋಡುತ್ತಿದ್ದರು. "ಏನ್ರಿ ಮಾಸ್ತರ, ಇದು ಈಸೋ ಹೊಂಡನೋ, ಪಾಲಕ್ ಪಲ್ಲೇದ ಬೋಗುಣಿನೋ? ಒಂದ್ ವಾರ ಅಂದಿದ್ರಲ್ಲ."

"ಪಾಚಿಯ ಬೇರು ಸುಡಬೇಕು ಸಾಹೇಬರೇ. ಅದಕ್ಕೆ ಮದ್ದು ನನಗೆ ಗೊತ್ತಿದೆ" ಎಂದೆ.

ಗೊತ್ತಿದ್ದದ್ದು ನಿಜ. ಮೈಲುತುತ್ತ. ಅಡಿಕೆಯ ಕೊಳೆಮದ್ದಿಗೆ ಸುಣ್ಣದೊಡನೆ ಕಲಸುವ ತಾಮ್ರದ ನೀಲಿ ಹರಳು; ಪಾಚಿಗೆ ಅದು ವಿಷವೆಂದು ಎಲ್ಲೋ ಓದಿದ್ದೆ. ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸೊಸೈಟಿಯಲ್ಲಿ ಮಳೆಗಾಲಕ್ಕೆ ಮೊದಲು ಅದರ ರಾಶಿಯೇ ಬಂದಿರುತ್ತದೆ, ಸದಸ್ಯರಿಗೆ ಸೋವಿ ದರ. ಮತ್ತೆ ಬಸ್ಸು ಹತ್ತಿದೆ. ಅಲ್ಲಿಯ ಗುಮಾಸ್ತರು ನಮ್ಮ ಕಡೆಯವರೇ, ಅಪ್ಪಯ್ಯನ ಪರಿಚಯದವರು.

"ಎಷ್ಟು ಎಕರೆ ತೋಟಕ್ಕೆ?" ಎಂದು ಕೇಳಿದರು.

"ತೋಟಕ್ಕಲ್ಲ, ಈಜುಕೊಳಕ್ಕೆ."

ಅವರು ಕನ್ನಡಕ ಮೇಲೆ ಸರಿಸಿದರು. "ಅಲ್ಲೂ ಅಡಿಕೆ ನೆಟ್ಟಿದ್ರಾ? ಇದು ತೋಟಕ್ಕೆ ಹೇಳಿ ಬಂದ ಮಾಲು. ಬೇರೆದಕ್ಕೆ ಕೊಡಲೆ ಬತ್ತಿಲ್ಲೆ."

"ಅಪ್ಪಯ್ಯನ ಹೆಸ್ರಲ್ಲಿ ಬರಕಳಿ. ಅಂವ ಈ ಸಲ ಹನ್ನೆರಡು ಪೌಂಡು ಕಡಿಮೆ ತಗತ್ತ. ಆನು ಮಾತಾಡಿಕ್ಕಿ ಬಂಜೆ."

ಮಾತಾಡಿ ಬಂದಿದ್ದೇನೆ ಎಂದದ್ದು ಸುಳ್ಳು, ಮಾತಾಡಿದ್ದು ಆಮೇಲೆ. ಗುಮಾಸ್ತರು ತೂಗಿ ಕೊಟ್ಟರು. ಕೊಡುವಾಗ ಸುಣ್ಣ ಮರೆಯಬಾರದೆಂಬ ಎಚ್ಚರಿಕೆಯನ್ನೂ ಕೊಟ್ಟರು. "ಸುಣ್ಣ ಸೇರ್ಸದ್ದೆ ಹಾಕಡಿ ಮತ್ತೆ. ಎಲೆ ಸುಟ್ಟೋಗ್ತು."

"ಅಷ್ಟೂ ಗೊತ್ತಿಲ್ಯಾ ಎಂಗೆ?" ಎಂದು ನಾನು ನಕ್ಕೆ.

ಕೊಳದಲ್ಲಿ ಎಲೆ ಎಲ್ಲಿಂದ ಬರಬೇಕು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೈಲುತುತ್ತ ಎಂದರೆ ಸುಣ್ಣ, ಸುಣ್ಣ ಎಂದರೆ ಮೈಲುತುತ್ತ. ಐದು ಪೌಂಡಿಗೆ ಐದು ಪೌಂಡು, ಐವತ್ತು ಗ್ಯಾಲನ್ ನೀರು. ಮಗ್ಗಿ ಬರುವ ಮೊದಲೇ ನಮ್ಮ ಮನೆಗಳಲ್ಲಿ ಈ ಲೆಕ್ಕ ಬಾಯಿಗೆ ಬರುತ್ತದೆ.

ಶಿಬಿರಕ್ಕೆ ಬಂದು ಶಾಸ್ತ್ರೋಕ್ತವಾಗಿ ಮದ್ದು ಕಲಸಿದೆ. ಕಬ್ಬಿಣದ ಪಾತ್ರೆ ಆಗದು, ಹಾಗಾಗಿ ಮರದ ಪೀಪಾಯಿ ತರಿಸಿದೆ. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ತೂಗುಬಿಟ್ಟು ಕರಗಿಸಿದೆ. ಸುಣ್ಣ ಬೇರೆ ಅರಳಿಸಿ, ಸೋಸಿ, ಎರಡನ್ನೂ ಕೂಡಿಸಿದೆ. ಕೊನೆಗೆ ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ನನ್ನ ಕತ್ತಿಗೆ ಒಂದು ಚೂರೂ ಹತ್ತಲಿಲ್ಲ. ಮದ್ದು ಪಾಕಕ್ಕೆ ಬಂದಿದೆ ಎಂದು ಬೀಗಿದೆ. ಎರಡು ಪೀಪಾಯಿ ಮದ್ದು ಕೊಳದ ಸುತ್ತ ಸುರಿಸಿದೆ.

ಮರುದಿನ ನೋಡಿದರೆ ನೀರು ನೀಲಿ ಮಜ್ಜಿಗೆಯಾಗಿತ್ತು. ಮೊದಲು ಒಂದು ಮೊಳ ಕಾಣುತ್ತಿತ್ತು, ಈಗ ಒಂದು ಗೇಣೂ ಇಲ್ಲ. ಗೋಡೆಯ ಪಾಚಿ ಆ ನೀಲಿಯ ಹಿಂದೆ ಆರಾಮಾಗಿ ಬೆಳೆದುಕೊಂಡಿತ್ತು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮೇಲಿನ ಸಿಟ್ಟನ್ನು ಪೀಪಾಯಿಯ ಮೇಲೆ ತೀರಿಸಿ ಕಾಲು ನೋಯಿಸಿಕೊಂಡೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಒಬ್ಬನ ಅನ್ನದ ಪ್ರಶ್ನೆಯಲ್ಲಿ ನಾನು ಜಂಬ ಕೊಚ್ಚಿಕೊಂಡು ಕೂತಿದ್ದೆ.

ಕೊನೆಗೌಡ ಪೀಪಾಯಿ ತೊಳೆಯಲು ಬಂದವನು ಬೆರಳು ಅದ್ದಿ, ಎರಡು ಬೆರಳ ನಡುವೆ ಉಜ್ಜಿ ನೋಡಿದ.

"ಮದ್ದು ಚಲೋ ಆಗಿದೆ ಮಾಸ್ತರೇ. ಒಂದು ತಿಂಗಳ ಮಳೆಗೂ ಬಿಡೂದಿಲ್ಲ" ಎಂದ.

"ಚಲೋ ಆಗಿದ್ದು ಹಾಳಾಗಲಿ. ಪಾಚಿ ಯಾಕೆ ಸಾಯಲಿಲ್ಲ?"

ಅವನು ಕೈ ಒರೆಸಿಕೊಂಡ. ದೊಡ್ಡವರಿಗೆ ಹೇಳುವುದೋ ಬೇಡವೋ ಎಂಬ ಸಂಕೋಚ. "ಮಳೆ ನೀರಲ್ಲಿ ಕರಗಿ ಹೋಗ್ಬಾರ್ದು ಅಂತಲ್ದಾ ನಾವು ಸುಣ್ಣ ಹಾಕೂದು? ಅಡಿಕೆ ಕೊನೆಗೆ ಅಂಟ್ಕಂಡು ಕೂರ್ಲಿ ಅಂತ. ಇಲ್ಲಿ ನಿಮ್ಗೆ ಕರಗೂದೇ ಬೇಕಲ್ದಾ?"

ನಾನು ಪೀಪಾಯಿಯ ಪಕ್ಕದಲ್ಲೇ ಕೂತುಬಿಟ್ಟೆ. ಕತ್ತಿಗೆ ಕೆಂಪು ಹತ್ತಲಿಲ್ಲ ಎಂದರೆ ತಾಮ್ರವನ್ನೆಲ್ಲ ಸುಣ್ಣ ಕಟ್ಟಿಹಾಕಿದೆ ಎಂದೇ ಅರ್ಥ. ತೋಟದಲ್ಲಿ ಬೇಕಾದದ್ದು ಅದು. ಕೊಳದಲ್ಲಿ ಬೇಕಾದದ್ದು ಕತ್ತಿಗೆ ಹತ್ತುವ ತಾಮ್ರ. ಸೈನ್ಸ್ ಓದಿದ ನನಗೆ ಹೊಳೆಯದ್ದು ಮದ್ದು ಹೊಡೆದು ಕೈ ನೀಲಿ ಮಾಡಿಕೊಂಡವನಿಗೆ ಹೊಳೆಯಿತು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕೇಳ್ಲಿಲ್ಲ" ಎಂದ.

ಈಗ ನೀರು ಪೂರ್ತಿ ಬಿಟ್ಟು ತುಂಬಿಸೋಣವೆಂದರೆ ಒರತೆಯ ನೀರಿಗೆ ಎರಡು ವಾರ ಬೇಕು. ಇದ್ದ ನೀರನ್ನೇ ತಿಳಿ ಮಾಡಬೇಕು. ಆಗ ಹೊಳೆದದ್ದು ಪಟಿಕ. ಮೆದು ನೀರಿನಲ್ಲಿ ಕಟ್ಟದ ಪಟಿಕಕ್ಕೆ ಸುಣ್ಣ ಸೇರಿದರೆ ಕಟ್ಟುತ್ತದೆ. ಸುಣ್ಣವನ್ನಂತೂ ನಾನು ಧಾರಾಳವಾಗಿ ಸುರಿದಿದ್ದೆ. ಒಂದು ಬಕೆಟಿನಲ್ಲಿ ಪ್ರಯೋಗ ಮಾಡಿದೆ. ಗಂಟೆಯೊಳಗೆ ನೀಲಿ ಮಡ್ಡಿಯೆಲ್ಲ ತಳಕ್ಕೆ ಇಳಿದು ಮೇಲಿನ ನೀರು ಬಾವಿಯ ನೀರಿನಂತೆ ತಿಳಿಯಾಯಿತು. ಬಕೆಟು ಹಿಡಿದುಕೊಂಡು ಓಡಿಹೋಗಿ ರೇಂಜರ್ ಸಾಹೇಬರ ಮೇಜಿನ ಮೇಲಿಟ್ಟೆ.

"ಕೊಳದಲ್ಲಿ ಇದಾಗಬೇಕಾದರೆ ನಾಲ್ಕು ದಿನ ಯಾರೂ ನೀರಿಗೆ ಇಳಿಯಬಾರದು. ಒಂದು ಕಾಲು ಇಳಿದರೂ ಮಡ್ಡಿ ಏಳುತ್ತದೆ" ಎಂದೆ.

"ಹತ್ತರಾಗ ನಾಕು ಹೋದ್ರ ಉಳಿಯೋದೆಷ್ಟು? ಆ ಕೊನೆಗೌಡ ಇನ್ನೂ ಅರ್ಧಾನೂ ದಾಟಿಲ್ಲ. ನಾಕು ದಿನ ಅವ್ನ ಒಣಾ ನೆಲದ ಮ್ಯಾಗ ಈಸಿಸ್ತೀರೇನು?"

"ಹೌದು, ಅದನ್ನೇ ಮಾಡಿಸುತ್ತೇನೆ."

ಅವರು ನನ್ನನ್ನೂ ಬಕೆಟನ್ನೂ ನೋಡಿದರು. "ಹಂಗಾರ ಮಾಡ್ರಿ. ಆದ್ರ ಅವ್ನ ನೌಕರಿ ಹೋತಂದ್ರ ಅವ್ನ ಮನಿ ಮಂದಿಗೆ ಉತ್ತರ ಕೊಡಾವ್ರು ನೀವು."

ಈ ಮಾತು ಎದೆಗೆ ನಾಟಿತು. ಆದರೂ ನಿರ್ಧಾರ ಬದಲಿಸಲಿಲ್ಲ. ತಳ ಕಾಣದ ನೀರಿನಲ್ಲಿ ಇನ್ನೂ ಹತ್ತು ದಿನ ಎಳೆದಾಡಿದರೂ ಅವನು ಗೋಡೆ ಬಿಡುವವನಲ್ಲ ಎಂದು ನನಗೆ ಖಾತ್ರಿಯಿತ್ತು. ತಿಳಿ ನೀರಿನಲ್ಲಿ ನಾಲ್ಕು ದಿನ ಸಿಕ್ಕರೆ ಸಾಕು.

ಇಪ್ಪತ್ತು ಪೌಂಡು ಪಟಿಕ ಕರಗಿಸಿ, ಕೊಳದ ಮೇಲೆಲ್ಲ ಸಮನಾಗಿ ಚಿಮುಕಿಸಿ, ಉದ್ದ ಬಿದಿರಿನಿಂದ ಮೆಲ್ಲಗೆ ಒಂದು ಸುತ್ತು ಕದಡಿ ಬಿಟ್ಟೆವು. ಸುತ್ತ ಹಗ್ಗ ಕಟ್ಟಿದೆವು. ಕೊನೆಗೌಡನನ್ನು ಒಂದು ಬೆಂಚಿನ ಮೇಲೆ ಬೋರಲು ಮಲಗಿಸಿ ಕೈಕಾಲು ಆಡಿಸಲು ಹಚ್ಚಿದೆ. ಉಳಿದವರು ಸುತ್ತ ನಿಂತು, "ಬೆಂಚು ಎಲ್ಲಿವರೆಗೆ ಬಂತೋ? ಅಂಕೋಲೆ ಮುಟ್ತಾ?" ಎಂದು ಕಿಚಾಯಿಸುತ್ತಿದ್ದರು. ಅವನು ನಗುತ್ತಲೇ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕಾಲು ಬಡಿದ. ಉಸಿರು ಬಿಡುವುದನ್ನು ಬೋಗುಣಿಯ ನೀರಿನಲ್ಲಿ ಮುಖ ಅದ್ದಿಸಿ ಕಲಿಸಿದೆ.

ಐದನೆಯ ಬೆಳಿಗ್ಗೆ ಮಡ್ಡಿ ತಳದಲ್ಲಿ ಕಂಬಳಿ ಹಾಸಿದಂತೆ ಕೂತಿತ್ತು. ಕೊಳ ಗುಡ್ಡದ ಇಳಿಜಾರಿನಲ್ಲಿ ಇದ್ದುದರಿಂದ ಪಂಪು ಬೇಕಾಗಲಿಲ್ಲ. ರಬ್ಬರ್ ಪೈಪಿನ ಒಂದು ತುದಿ ತಳಕ್ಕೆ, ಇನ್ನೊಂದು ಕೆಳಗಿನ ಗುಂಡಿಗೆ. ಬಿದಿರಿಗೆ ಕಟ್ಟಿದ ಪೈಪನ್ನು ಅಂಗಳ ಗುಡಿಸುವಷ್ಟು ನಿಧಾನವಾಗಿ ಎಳೆಯುತ್ತ ಮಡ್ಡಿಯನ್ನು ಹೊರಗೆ ಬಿಟ್ಟೆವು. ನೀರು ಒಂದಡಿ ಇಳಿಯಿತು, ಅಲ್ಲಿಗೆ ನಿಲ್ಲಿಸಿದೆ. ಆಳದ ತುದಿಯ ಮೂಲೆಯಲ್ಲಿ ಸ್ವಲ್ಪ ಮಡ್ಡಿ ಉಳಿದಿದ್ದು ನನಗೆ ಗೊತ್ತಿತ್ತು. ಅದನ್ನೂ ತೆಗೆಯಲು ಹೋದರೆ ಇನ್ನೊಂದು ದಿನ ಹೋಗುತ್ತಿತ್ತು, ಇರಲಿ ಎಂದು ಬಿಟ್ಟೆ.

ಆಮೇಲೆ ಗೋಡೆಯ ಪಾಚಿಯನ್ನು ಕಡ್ಡಿಪೊರಕೆಯಿಂದ ಉಜ್ಜಿ, ತೇಲಿದ್ದನ್ನು ಅಡಿಕೆ ಹಾಳೆಯಲ್ಲಿ ಬಾಚಿದೆವು. ಒಂದು ಪೌಂಡಿಗಿಂತ ತುಸು ಕಡಿಮೆ ಮೈಲುತುತ್ತವನ್ನು ಸುಣ್ಣ ಮುಟ್ಟಿಸದೆ ಬಟ್ಟೆಯ ಗಂಟಿನಲ್ಲಿ ಕಟ್ಟಿ, ಹಗ್ಗದಿಂದ ಕೊಳದ ಈ ತುದಿಯಿಂದ ಆ ತುದಿಗೆ ಎಳೆದಾಡಿದೆವು. ಪಾಚಿ ಎರಡೇ ದಿನದಲ್ಲಿ ಕಂದಿ ಉದುರಿತು. ಡಾಕ್ಟರ ಡಬ್ಬಿಯ ಪೌಡರನ್ನು ಬಿಸಿಲು ಇಳಿದ ಮೇಲೆ ಹಾಕತೊಡಗಿದೆ. ಬೆಳಿಗ್ಗೆ ಎದ್ದು ನೋಡಿದರೆ ತಳದ ಗಾರೆಯ ಬಿರುಕುಗಳನ್ನು ಎಣಿಸಬಹುದಿತ್ತು.

ಆ ಬೆಳಿಗ್ಗೆ ಕೊನೆಗೌಡ ದಂಡೆಯಲ್ಲಿ ಕೂತು ಬಹಳ ಹೊತ್ತು ತಳ ನೋಡಿದ. "ಇಷ್ಟೇಯಾ?" ಎಂದ. ಇಳಿದ. ಎದೆಮಟ್ಟ ದಾಟಿದ. ಗೋಡೆ ಬಿಟ್ಟ. ಮುಖ ನೀರಿನೊಳಗಿಟ್ಟು ತಳ ನೋಡುತ್ತ ನೋಡುತ್ತ ಅರ್ಧ ಕೊಳ ಹೋದ. ಮೂರನೆಯ ದಿನ ಆ ತುದಿ ಮುಟ್ಟಿದ. ಹೋಗಿ ಬರುವುದು ಮಾತ್ರ ಪರೀಕ್ಷೆಯ ಹಿಂದಿನ ದಿನದವರೆಗೂ ಸಾಧಿಸಲಿಲ್ಲ.

ಸೋಮವಾರ ಡಾಕ್ಟರು ಬಂದು ತಟ್ಟೆ ಬಿಟ್ಟರು. ಅದು ಓಲಾಡುತ್ತ ಇಳಿದು ತಳದಲ್ಲಿ ಕೂತಿತು. "ಅಂಚಿನ ನೀಲಿ ಗೆರೆಯೂ ಕಾಣುತ್ತಿದೆ" ಎಂದು ಅವರೇ ಹೇಳಿದರು. ನಾನು ಎದೆಯುಬ್ಬಿಸಿ ಸೀಟಿ ಊದಿದೆ.

ನಾಲ್ಕು ನಾಲ್ಕು ಜನರಂತೆ ಇಳಿಸಿದೆವು. ಐದು ತಂಡ ಮುಗಿಯಿತು, ಇಪ್ಪತ್ತೂ ಜನ ಪಾಸು. ದಿನಗೂಲಿಯವರ ಹೆಸರು ಪಟ್ಟಿಯ ತುದಿಗೆ ಬರುತ್ತಿದ್ದುದರಿಂದ ಉಳಿದವನು ಕೊನೆಗೌಡ ಒಬ್ಬನೇ. ಅವನು ನೀರಿನತ್ತ ಹೆಜ್ಜೆ ಇಡುವಾಗ ಡಾಕ್ಟರು ಕೈ ಎತ್ತಿದರು. ಇಪ್ಪತ್ತು ಜನರ ಕಾಲಬಡಿತಕ್ಕೆ ಆ ಮೂಲೆಯ ಮಡ್ಡಿ ಎದ್ದು ಆಳದ ತುದಿಯೆಲ್ಲ ಕದಡಿತ್ತು. ತಟ್ಟೆ ಕಾಣುತ್ತಿರಲಿಲ್ಲ.

"ಇಲ್ಲಿಗೆ ನಿಲ್ಲಿಸಿ" ಎಂದರು.

"ಒಬ್ಬಾಂವ ಉಳದಾನ್ರಿ ಡಾಕ್ಟರ್" ಎಂದರು ರೇಂಜರ್ ಸಾಹೇಬರು.

"ಆ ಒಬ್ಬನೇ ಮುಳುಗಿದರೆ?"

ನೀರು ಮತ್ತೆ ತಿಳಿಯಾಗಲು ಒಂದು ದಿನ ಬೇಕು. ಪಾಸಾದವರ ಪಟ್ಟಿ ಅದೇ ಮಧ್ಯಾಹ್ನ ಮೇಲಿನ ಕಚೇರಿಗೆ ಹೋಗಬೇಕು. ಆ ಮೂಲೆಯನ್ನು ಇರಲಿ ಎಂದು ಬಿಟ್ಟವನು ನಾನು. ಅಂಗಿ ಬಿಚ್ಚಿ ನೀರಿಗೆ ಇಳಿದು, ಆಳದ ತುದಿಗೆ ಈಜಿ ಹೋಗಿ, ಕಾಲಾಡಿಸುತ್ತ ನಿಂತೆ. "ನಾನು ಇಲ್ಲೇ ಇರುತ್ತೇನೆ ಡಾಕ್ಟರೇ. ಅವನು ನನ್ನ ಕೈಯಳತೆಯಲ್ಲೇ ಇರುತ್ತಾನೆ. ಮುಟ್ಟುವುದಿಲ್ಲ, ಮುಟ್ಟಿದರೆ ಫೇಲು ಎಂದು ಬರೆಯಿರಿ" ಎಂದೆ.

ಡಾಕ್ಟರು ಕೊನೆಗೌಡನ ಕಡೆ ತಿರುಗಿದರು. "ನಿನಗೆ ತಳ ಕಾಣ್ತಿದೆಯಾ?"

"ಇಲ್ಲ."

"ಮತ್ತೆ? ಕಾಣದಿದ್ದರೆ ನೀನು ಇಳಿಯುವುದಿಲ್ಲ ಅಂತ ಮಾಸ್ತರು ಹೇಳಿದ್ದರಲ್ಲ?"

"ಬೆಳಿಗ್ಗೆ ಕಂಡಿದ್ದೆ. ಅದು ಎಲ್ಲಿಗೂ ಹೋಗಿರೂದಿಲ್ಲ" ಎಂದ.

ಡಾಕ್ಟರು ಗಡಿಯಾರ ನೋಡಿದರು, ಮತ್ತೆ ಅವನನ್ನು ನೋಡಿದರು. "ಇಳಿ" ಎಂದರು.

ಇಳಿದ. ಬೆಂಚಿನ ಮೇಲೆ ಕಲಿತ ಹಾಗೆಯೇ ಕಾಲು ಬಡಿಯುತ್ತ, ಬೋಗುಣಿಯಲ್ಲಿ ಕಲಿತ ಹಾಗೆಯೇ ಉಸಿರು ಬಿಡುತ್ತ ಬಂದ. ಕದಡಿದ ನೀರಿನ ಅಂಚಿಗೆ ಬಂದಾಗ ಅವನ ಕೈ ಒಂದು ಸಲ ತಡವರಿಸಿತು. ನನ್ನ ಕೈ ಮುಂದೆ ಹೋಗಿಬಿಟ್ಟಿತ್ತು, ಹಿಂದಕ್ಕೆ ಎಳೆದುಕೊಂಡೆ. ಅವನು ಗೋಡೆ ಮುಟ್ಟಿ ತಿರುಗಿದ. ನನ್ನನ್ನು ದಾಟಿ ಹೋಗುವಾಗ ಕಣ್ಣು ಮುಚ್ಚಿಕೊಂಡಿದ್ದ. ಅರ್ಧಕ್ಕೆ ಹೋದ ಮೇಲೆ ವೇಗ ಇಳಿಯಿತು. ಕೊನೆಯ ಹತ್ತಡಿ ಹೇಗೆ ಹೋದನೋ ಅವನಿಗೇ ಗೊತ್ತು. ಕಲ್ಲು ಮುಟ್ಟಿದ. ಆಳದ ತುದಿಯಲ್ಲಿ ನಿಂತಿದ್ದ ನನಗೆ ಅಳು ಬಂದಿತ್ತು, ಒದ್ದೆ ಮುಖದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಡಾಕ್ಟರು ಸಹಿ ಹಾಕಿ ಪಟ್ಟಿಯನ್ನು ರೇಂಜರ್ ಸಾಹೇಬರ ಕೈಗೆ ಕೊಟ್ಟರು. "ಆತಲ್ಲೋ, ಮ್ಯಾಲ ಬಾ ಇನ್ನ, ಗಾರ್ಡ್ ಸಾಹೇಬ" ಎಂದು ಅವರು ಕರೆದರು. ಕೊನೆಗೌಡ ಮೇಲೆ ಬರಲಿಲ್ಲ. ದಂಡೆಯ ಕಲ್ಲು ಹಿಡಿದುಕೊಂಡು ಏದುಸಿರು ಬಿಡುತ್ತ ನನ್ನ ಕಡೆ ತಿರುಗಿದ.

"ಮಾಸ್ತರೇ, ಇನ್ನೊಂದ್ಸಲ ಹೋಗಿ ಬರ್ಲಾ?" ಎಂದು ಕೇಳಿದ.